ಗಿಳಿಹಸಿರು ಬಾಗಿಲು

ಸ್ವಂತ ಮನೆ, ಸ್ವಂತ ಬಾಗಿಲು, ಸ್ವಂತ ಕೈಯಾರೆ ಬಳಿದ ಬಣ್ಣ. ಇದಕ್ಕೆ ಸಂಘದ ಅಪ್ಪಣೆ ಯಾಕೆ ಬೇಕು ಎಂಬುದು ಗಡಿಯಾರದಂಗಡಿಯ ಯಜಮಾನರ ಪ್ರಶ್ನೆ. ಆ ಪ್ರಶ್ನೆಯನ್ನು ಅವರು ಬೆಳಗಿನಿಂದ ಕೇಳುತ್ತಿದ್ದುದು ಹೆಂಡತಿಯನ್ನು. ಅಧ್ಯಕ್ಷರನ್ನು ಕೇಳುವ ಧೈರ್ಯ ಇನ್ನೂ ಬಂದಿರಲಿಲ್ಲ.

ಸಾಲುಮನೆಗಳ ಸಂಘದ ಅಧ್ಯಕ್ಷರು ನಿವೃತ್ತ ಡ್ರಿಲ್ ಮೇಷ್ಟ್ರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಿಲ್ಲಿಸಿ ಅಭ್ಯಾಸವಾಗಿ ಈಗ ಮನೆಗಳನ್ನೂ ಹಾಗೇ ನಿಲ್ಲಿಸಿದ್ದರು. ಗೋಡೆ ಬಿಳಿ, ಬಾಗಿಲು ಕಂದು, ಹೂಕುಂಡ ಬಾಗಿಲ ಬಲಕ್ಕೆ. (ಎಡಕ್ಕೆ ಕುಂಡ ಇಟ್ಟಿದ್ದ ದರ್ಜಿಯವರ ಮನೆ ಮುಂದೆ ನಿಂತು ಒಮ್ಮೆ ಸೀಟಿಯನ್ನೇ ಊದಿದ್ದರು.) ಅಂಥ ಬೀದಿಯಲ್ಲಿ ಯಜಮಾನರ ಬಾಗಿಲೊಂದು ಗಿಳಿಹಸಿರಾಗಿ ಕಣ್ಣಿಗೆ ರಾಚುತ್ತಿತ್ತು. ಒಂದು ತಿಂಗಳು ಹೇಗೋ ಸಹಿಸಿಕೊಂಡ ಮೇಷ್ಟ್ರು, ಇದು ನಿಯಮಭಂಗ, ಭಾನುವಾರದ ಸಭೆಗೆ ಬಂದು ಉತ್ತರ ಕೊಡಿ ಎಂದು ಹೇಳಿ ಹೋಗಿದ್ದರು.

ಉತ್ತರವೇನೋ ಇತ್ತು. ಆದರೆ ಅದನ್ನು ನಾಲ್ಕು ಜನರ ಮುಂದೆ ಹೇಳುವಂತಿರಲಿಲ್ಲ. ಯಜಮಾನರು ದಿನವಿಡೀ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚುಗಳ ಹೊಟ್ಟೆಯೊಳಗೆ ಇಣುಕುವವರು. ಸಾಸಿವೆಗಿಂತ ಸಣ್ಣ ತಿರುಪೂ ಅವರ ಕಣ್ಣು ತಪ್ಪಿಸುವುದಿಲ್ಲ. ಸಂಜೆ ಬೀದಿಗೆ ಬಂದರೆ ಮಾತ್ರ ಮನೆಯಷ್ಟು ದೊಡ್ಡ ವಸ್ತುವಿನ ಗುರುತು ಹತ್ತುತ್ತಿರಲಿಲ್ಲ. ಯಾವುದೋ ಕಂದು ಬಾಗಿಲು ತಳ್ಳಿ, ಚಪ್ಪಲಿ ಬಿಟ್ಟು, ಸೋಫಾದಲ್ಲಿ ಕಾಲು ಚಾಚಿ "ಏನೇ, ಟೀ ತಾ" ಎಂದರೆ ಒಳಗಿನಿಂದ ಪಕ್ಕದ ಮನೆಯ ನರ್ಸಮ್ಮನೋ ದರ್ಜಿಯವರೋ ಬರುತ್ತಿದ್ದರು.

ಯಜಮಾನರದು ಮರ್ಯಾದೆಗೆ ಅಂಜುವ ಜೀವ. ಮನೆ ತಪ್ಪಿದೆ ಎಂದು ಒಪ್ಪುವುದುಂಟೇ? ತಕ್ಷಣ ಗೋಡೆಯ ಕಡೆ ಕೈ ತೋರಿಸಿ, ಆ ಗಡಿಯಾರ ಯಾಕೋ ಹಿಂದೆ ಬೀಳುತ್ತಿದೆ ಅನ್ನಿಸಿತು, ನೋಡಿ ಹೋಗೋಣ ಅಂತ ಬಂದೆ ಎನ್ನುತ್ತಿದ್ದರು. ಅಂದ ಮೇಲೆ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೋಡಿಸದೆ ಏಳುವಂತಿಲ್ಲ. ಹೀಗೆ ಬೀದಿಯ ಗಡಿಯಾರಗಳೆಲ್ಲ ಸರಿಯಾದವು. ಇತ್ತ ಯಜಮಾನರ ಸ್ವಂತ ಟೀ ದಿನಾ ಆರುತ್ತಿತ್ತು. ಕಡೆಗೆ ಬೇಸತ್ತು ಬಾಗಿಲಿಗೆ ಹಸಿರು ಬಳಿದರು. ಆ ಒಂದು ತಿಂಗಳು ನೇರ ಮನೆಗೆ ಬಂದು ಬಿಸಿ ಟೀ ಕುಡಿದ ಸುಖ, ಪಾಪ, ಅವರಿಗೇ ಗೊತ್ತು.

"ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಮನೆ ಗುರುತು ಸಿಗಲ್ಲ ಅಂದ್ರೆ ಯಾರು ಬೇಡ ಅಂತಾರೆ?" ಎಂದರು ಹೆಂಡತಿ.

"ಬೀದಿಯವರ ಮುಂದೆ ನಗೆಪಾಟಲಾಗಬೇಕಾ? ನಾನು ಹಕ್ಕಿನ ಮೇಲೆ ಮಾತಾಡ್ತೀನಿ."

"ಮಾತಾಡಿ. ಆಮೇಲೆ ನನ್ನ ಅನ್ನಬೇಡಿ," ಎಂದು ಹೆಂಡತಿ ಸೆರಗು ಸಿಕ್ಕಿಸಿಕೊಂಡು ಎಲ್ಲಿಗೋ ಹೊರಟುಹೋದರು.

ಭಾನುವಾರ ಯಜಮಾನರು ಮಾತಾಡಿದರು. ಗೃಹವೆಂಬುದು ಗೃಹಸ್ಥನ ಸಾಮ್ರಾಜ್ಯ, ಬಾಗಿಲು ಅದರ ಧ್ವಜ, ಹಸಿರು ತಮ್ಮ ಆತ್ಮಗೌರವದ ವರ್ಣ ಎಂದರು. ಹಸಿರು ಹೋದರೆ ತಾವೂ ಉಳಿಯುವುದಿಲ್ಲ ಎಂಬಲ್ಲಿಗೆ ಬಂದಾಗ ದನಿ ನಡುಗಿತು. ಭಾಷಣದಲ್ಲಿ ನಿಜವಿದ್ದದ್ದು ಆ ನಡುಕ ಮಾತ್ರ.

ಮೇಷ್ಟ್ರು ಎದ್ದು ನಿಂತರು. "ಎಲ್ಲ ಬಾಗಿಲಿಗೂ ಒಂದೇ ಬಣ್ಣ ಇರಬೇಕು, ಇಷ್ಟೇ ನಿಯಮ. ಕಂದು ಅಂತ ಎಲ್ಲೂ ಇಲ್ಲ. ಯಜಮಾನರ ಬಾಗಿಲು ಹಾಗೇ ಇರಲಿ. ನಾವೆಲ್ಲ ಹಸಿರು ಬಳಿಯೋಣ."

ಎಲ್ಲರ ಕೈ ಮೇಲೆದ್ದವು. ಮೊದಲು ಎದ್ದದ್ದು ಹೆಂಡತಿಯ ಕೈ. ಯಜಮಾನರ ದಯೆಯಿಂದ ತಾನು ಒಂದು ದಿನವೂ ಡ್ಯೂಟಿಗೆ ತಡವಾಗಿ ಹೋದವಳಲ್ಲ ಎಂದು ನರ್ಸಮ್ಮ ಬೇರೆ ಹೇಳಿದರು. ಯಜಮಾನರು ಕೈ ಮುಗಿದರು. ಕಣ್ಣು ತುಂಬಿ ಬಂತು. ಅರ್ಧ ಕೃತಜ್ಞತೆಗೆ, ಇನ್ನರ್ಧ ಯಾಕೆಂದು ಬೇರೆ ಹೇಳಬೇಕಿಲ್ಲ.

ಬೀದಿಗೆ ಬೀದಿಯೇ ಹಸಿರಾದ ಸಂಜೆ ಯಜಮಾನರು ಅಂಗಡಿ ಮುಚ್ಚಿ ಬಂದು, ಬಹಳ ಯೋಚಿಸಿ ಒಂದು ಬಾಗಿಲು ತಳ್ಳಿದರು. ಚಪ್ಪಲಿ ಬಿಟ್ಟರು. ಸೋಫಾದಲ್ಲಿ ಕಾಲು ಚಾಚಿದರು. "ಏನೇ, ಟೀ ತಾ."

ಟೀ ಬಂತು, ಡ್ರಿಲ್ ಮೇಷ್ಟ್ರ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಗೋಡೆ ಗಡಿಯಾರ.

"ಅದು ಯಾಕೋ ಹಿಂದೆ..." ಎಂದು ಯಜಮಾನರು ತಡವರಿಸಿದರು.

"ಹಿಂದೆ ಎಲ್ಲಿ, ನಿಂತೇಹೋಗಿದೆ. ನಿಮ್ಮ ಬಾಗಿಲೊಂದೇ ಹಸಿರಾದ ಮೇಲೆ ನೀವು ಈ ಕಡೆ ತಲೇನೇ ಹಾಕ್ಲಿಲ್ಲ. ನಿಜ ಹೇಳಿ ಅಂದ್ರೂ ನೀವು ಕೇಳ್ಲಿಲ್ವಂತೆ. ನಿಮ್ಮ ಮನೆಯವರೇ ಬಂದು ಈ ಉಪಾಯ ಹೇಳಿಕೊಟ್ರು."

"ಹಾಗಾದ್ರೆ ನಿಮಗೆ ಮೊದಲೇ..."

"ಇಡೀ ಬೀದಿಗೇ ಗೊತ್ತು ಯಜಮಾನ್ರೇ. ಇವತ್ತು ಯಾರ ಮನೆಗೆ ಬರ್ತೀರೋ ಅಂತ ಎಲ್ಲರ ಮನೇಲೂ ಒಂದು ಲೋಟ ಟೀ ಹೆಚ್ಚೇ ಮಾಡ್ತಿದ್ವಿ. ನೀವು ಬರೋದು ಬಿಟ್ಟ ಮೇಲೆ ಸಂಜೆ ಹೊತ್ತೇ ಹೋಗ್ತಿರಲಿಲ್ಲ."

ಯಜಮಾನರು ಕೈ ಚಾಚಿದರು. ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದರು. ಎಂದೂ ಕಣ್ಣು ತಪ್ಪಿಸದ ತಿರುಪು ಅಂದು ಮಂಜುಮಂಜಾಗಿ ಕಂಡಿತು. ಹೇಗೋ ಜೋಡಿಸಿ, ಟಿಕ್ ಅನ್ನಿಸಿ, ಇಂಥ ನೆರೆಹೊರೆ ಯಾರಿಗುಂಟು ಎಂದುಕೊಳ್ಳುತ್ತ ಹೊರಬಂದು ತಮ್ಮದೇ ಎನಿಸಿದ ಬಾಗಿಲು ತಳ್ಳಿದರು.

ನರ್ಸಮ್ಮ ಗಡಿಯಾರ ಇಳಿಸಿಟ್ಟುಕೊಂಡು ಕಾಯುತ್ತಿದ್ದರು. ಪಕ್ಕದಲ್ಲಿ ಕೂತು ಟೀ ಹೀರುತ್ತಿದ್ದ ಹೆಂಡತಿ ತಲೆಯೆತ್ತಿ ನೋಡಿದರು.

"ಬಂದ್ರಾ? ಇದೊಂದು ಮುಗಿಸಿಬಿಡಿ. ಒಟ್ಟಿಗೇ ಮನೆಗೆ ಹೋಗೋಣ."