ಹಲ್ಲಣ್ಣ ಬಾಕಿ ತೀರಿಸಿಕೊಂಡದ್ದು

ಹಲ್ಲಣ್ಣನ ಆ ದಿನ ಕೆಟ್ಟದ್ದು ಮೆಟ್ಟಿಲ ಮೇಲೆ. ಅವನು ಕೆಲಸಕ್ಕೆಂದು ಇಳಿಯುತ್ತಿದ್ದ, ಪಕ್ಕದ ಮನೆಯ ವಿಮೆಯವರು ಹತ್ತುತ್ತಿದ್ದರು. ವಿಮೆಯವರು ಎದುರಾದರೆ ಯಾರೂ ಸುಮ್ಮನೆ ದಾಟಿ ಹೋಗುವಂತಿಲ್ಲ. ಅವರಿಂದ ತಮ್ಮ ಆಯಸ್ಸಿನ ಬಗ್ಗೆ ಒಂದೆರಡು ಮಾತು ಕೇಳಿಸಿಕೊಂಡೇ ಮುಂದೆ ಹೋಗಬೇಕು.

"ಮನೆ ಸಾಲದ ತೀರ್ಮಾನ ಇವತ್ತೇ ಅಲ್ವಾ?"

"ಹೌದು, ಸಂಜೆ."

"ಕ್ರೆಡಿಟ್ ಕಾರ್ಡ್ ಎಷ್ಟಿವೆ?"

"ಎರಡು. ಒಂದು ಹೋದ ವರ್ಷದ್ದು. ಇನ್ನೊಂದು ಕೆಲಸಕ್ಕೆ ಸೇರಿದಾಗ ತಗೊಂಡಿದ್ದು. ಅದನ್ನ ಬಳಸಲ್ಲ, ಬೀರುವಲ್ಲಿದೆ."

ಬೀರುವಿನಲ್ಲಿ ಹೆಣವಿದೆ ಎಂದು ಕೇಳಿದವರಂತೆ ವಿಮೆಯವರು ಒಂದು ಮೆಟ್ಟಿಲು ಹಿಂದೆ ಸರಿದರು. "ಬಳಸದ ಕಾರ್ಡ್ ಇಟ್ಕೊಂಡು ಸಾಲ ಕೇಳೋಕೆ ಹೋಗ್ತೀರಾ? ಈ ಮನುಷ್ಯ ಯಾವ ಗಳಿಗೇಲಿ ಬೇಕಾದ್ರೂ ದುಡ್ಡು ಎಳ್ಕೊಂಡು ಓಡಬಹುದು ಅಂತ ಬ್ಯಾಂಕಿನವರು ತಿಳ್ಕೊಳ್ಳಲ್ವಾ? ಮುಚ್ಚಿಬಿಡಿ. ಇವತ್ತೇ ಮುಚ್ಚಿ. ಕ್ರೆಡಿಟ್ ಸ್ಕೋರು ಹೆಂಗೆ ಮೇಲೇಳುತ್ತೆ ನೋಡಿ."

ಸ್ಕೋರು ಮೇಲೇಳಲೇಬೇಕಿತ್ತು. ಮದುವೆಯಾದಾಗಿನಿಂದ ಹಲ್ಲಣ್ಣನೂ ಹೆಂಡತಿಯೂ ಅವಳ ಅಣ್ಣನ ಮನೆಯಲ್ಲಿ, ಬೀರು ಅಡ್ಡವಿಟ್ಟು ಮಾಡಿದ ಅರ್ಧ ಕೋಣೆಯಲ್ಲಿದ್ದರು. ಅಣ್ಣ ಬಾಯಿಬಿಟ್ಟು ಹೋಗಿ ಎಂದವನಲ್ಲ. ಆಗಾಗ ಟೇಪು ಹಿಡಿದು ಬಂದು, ಮಲಗಿದ್ದವರ ಮೇಲಿಂದ ಕೋಣೆಯ ಅಳತೆ ತೆಗೆದುಕೊಂಡು ಹೋಗುತ್ತಿದ್ದ, ಅಷ್ಟೇ. ಈಗ ಮೂರನೇ ಬೀದಿಯಲ್ಲಿ ಒಂದು ಪುಟ್ಟ ಫ್ಲಾಟು ಸಿಕ್ಕಿತ್ತು. ಸಂಜೆಯೊಳಗೆ ಸಾಲ ಮಂಜೂರಾದರೆ ಅದು ಇವರದು. ಇಲ್ಲವಾದರೆ ಸಾಲಿನಲ್ಲಿ ನಿಂತಿರುವ ಇನ್ನೊಬ್ಬರದು.

ಹಲ್ಲಣ್ಣನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಅವನು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿದ್ದ. ನೆಲದಿಂದ ಸೂರಿನವರೆಗೂ ಕಪಾಟುಗಳು, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಕೆಲವು ಹಲ್ಲುಗಳಿಗೆ ಯಜಮಾನರು ಬರಲೇ ಇಲ್ಲ. ಅವು ಮೇಲಿನ ಸಾಲಿನಲ್ಲಿ ಕೂತು, ಮುಖವಿಲ್ಲದೆಯೇ ನಗುತ್ತಿದ್ದವು.

ಹಲ್ಲಣ್ಣ ಹೋದವನೇ ಮೇಣದ ದವಡೆಯೊಂದನ್ನು ಕೈಗೆತ್ತಿಕೊಂಡು, ಬ್ರಷ್ಷನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿ ಕಾರ್ಡ್ ಕಂಪನಿಗೆ ಕರೆ ಮಾಡಿದ. ಹಳೆಯ ಕಾರ್ಡಿನ ಮೇಲೆ ಶುಲ್ಕವೇನೋ ಚಿಲ್ಲರೆ ಬಾಕಿಯಿತ್ತು. ಹೆಂಡತಿಯ ಒತ್ತಾಯಕ್ಕೆ ಅದನ್ನು ಹಿಂದಿನ ದಿನವೇ ಕಟ್ಟಿದ್ದ.

"ಹೇಳಿ," ಎಂದಿತು ಒಂದು ಹೆಣ್ಣುದನಿ. ಬಾವಿಯೊಳಗಿಂದ ಬಂದಂತೆ ತಣ್ಣಗಿತ್ತು.

"ಕಾರ್ಡ್ ಮುಚ್ಚಬೇಕಿತ್ತು."

"ಕಾರಣ?"

"ನಿನ್ನೆ ತೀರಿಸಿಕೊಂಡೆ" ಎಂದು ಹಲ್ಲಣ್ಣ ಹೇಳಿದ. ಆದರೆ ಬಾಯಲ್ಲಿ ಬ್ರಷ್ಷಿತ್ತು. ನಡುವಿನ ಒಂದಕ್ಷರ ಅದರ ಕೂದಲಿಗೆ ಸಿಕ್ಕಿ ಅಲ್ಲೇ ಉಳಿಯಿತು. ಆಚೆ ತುದಿಗೆ ಮುಟ್ಟಿದ್ದು "ನಿನ್ನೆ ತೀರಿಕೊಂಡೆ."

ಆ ದನಿ ಬೆಚ್ಚಲಿಲ್ಲ. "ನಿನ್ನೆ ಯಾವ ಹೊತ್ತಿಗೆ?"

"ಊಟ ಆದ್ಮೇಲೆ."

"ಮನೆಯವರಿಗೆ ಗೊತ್ತಾ?"

"ಅವಳೇ ಅಲ್ವಾ ಬೆನ್ನು ಹತ್ತಿದ್ದು, ಬೇಗ ತೀರಿಕೊಂಡುಬಿಡಿ, ಬೇಗ ತೀರಿಕೊಂಡುಬಿಡಿ ಅಂತ."

ಸ್ವಲ್ಪ ಹೊತ್ತು ಬೆರಳಚ್ಚಿನ ಸದ್ದು. "ಕಷ್ಟ ಆಯ್ತಾ?"

"ಏನಿಲ್ಲ. ಒಂದು ಗುಂಡಿ ಒತ್ತಿದೆ, ಆಯ್ತು. ಆಮೇಲೆ ಹಗುರ ಅನ್ನಿಸ್ತು. ಒಳ್ಳೇ ನಿದ್ದೆ."

"ಹಾಗೇ ಇರಿ," ಎಂದಿತು ದನಿ, ಮೆಲ್ಲಗೆ. "ಮನೆಯವರ ನಂಬರ್ ಕೊಡಿ. ಮುಂದಿನದು ನಾವು ನೋಡ್ಕೋತೀವಿ."

ಹಲ್ಲಣ್ಣ ಹೆಂಡತಿಯ ಅಣ್ಣನ ನಂಬರ್ ಕೊಟ್ಟ. ಇಷ್ಟು ಮರ್ಯಾದೆಯಾಗಿ ಯಾವ ಕಂಪನಿಯವರೂ ತನ್ನ ಜೊತೆ ಮಾತಾಡಿರಲಿಲ್ಲವೆಂದು ಬೀಗಿದ. ಎದುರಿನ ಮೇಜಿನಲ್ಲಿ ಹಲ್ಲು ಉಜ್ಜಿ ಹೊಳಪು ಕೊಡುತ್ತಿದ್ದ ಪಾಲಿಶ್ ಅಕ್ಕನಿಗೆ ಅದನ್ನೇ ಹೇಳಿದ. ಅವಳು ಯಂತ್ರ ನಿಲ್ಲಿಸಿದಳು.

"ಹಳೇ ಕಾರ್ಡನ್ನ ಮುಚ್ಚಿದ್ರಾ? ಸಾಲ ಕೇಳೋ ದಿನ? ಯಾರು ಹೇಳಿದ್ದು ನಿಮಗೆ?"

"ವಿಮೆಯವರು."

"ಅವರಿಗೆ ಸಾಯೋರ ವಿಷಯ ಗೊತ್ತು, ಬದುಕೋರದ್ದಲ್ಲ. ಹಲ್ಲಣ್ಣ, ಎರಡು ಕಾರ್ಡಿದ್ದಾಗ ನಿಮ್ಮ ಸಾಲದ ಮಿತಿ ದೊಡ್ಡ ಹಂಡೆ ಇದ್ದ ಹಾಗೆ. ತಳದಲ್ಲಿ ಒಂದಿಷ್ಟು ಖರ್ಚು. ಈಗ ಅದೇ ನೀರನ್ನ ಲೋಟಕ್ಕೆ ಸುರಿದಿದ್ದೀರಿ. ಈ ಮನುಷ್ಯ ಕಂಠಪೂರ್ತಿ ಸಾಲದಲ್ಲಿದ್ದಾನೆ ಅಂತ ಕಾಣುತ್ತೆ. ಅದೂ ಅಲ್ಲದೆ ಆ ಹಳೇದೇ ನಿಮ್ಮ ವಯಸ್ಸು. ಸಾಲಗಾರನಾಗಿ ನೀವು ಹುಟ್ಟಿದ್ದು ಅದರಿಂದ. ಅದನ್ನ ತೆಗೆದ್ರೆ ಕ್ರಮೇಣ ನೀವು ಹೋದ ವರ್ಷ ಹುಟ್ಟಿದ ಕೂಸು."

ಹಲ್ಲಣ್ಣ ಫೋನಿನಲ್ಲಿ ಸ್ಕೋರು ತೆಗೆದ. ವಾರಗಟ್ಟಲೆ ಅಲುಗದೆ ಕೂತಿರುವ ಅಂಕಿ ಅದು. ಅಂದು ಅವನು ನೋಡನೋಡುತ್ತಿದ್ದಂತೆಯೇ, ಇಳಿಯುವ ಲಿಫ್ಟಿನ ದೀಪದ ಹಾಗೆ ಒಂದೊಂದೇ ಕೆಳಗಿಳಿಯತೊಡಗಿತು. ಅವನು ವಿಮೆಯವರಿಗೆ ಫೋನ್ ಮಾಡಿದ.

"ಮಿತಿ ಕಮ್ಮಿ ಆಯ್ತಾ? ಅದಕ್ಯಾಕೆ ಅಳ್ತೀರಿ?" ಎಂದರು ಅವರು. "ಹೊಸ ಕಾರ್ಡ್ ತೆಗೀರಿ. ಒಂದಲ್ಲ, ನಾಲ್ಕು ಕಡೆ ಒಟ್ಟಿಗೆ ಅರ್ಜಿ ಹಾಕಿ. ಯಾರಾದ್ರೂ ಒಬ್ಬರು ಕೊಟ್ಟೇ ಕೊಡ್ತಾರೆ."

ಪಾಲಿಶ್ ಅಕ್ಕ ಊಟಕ್ಕೆ ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಹಲ್ಲಣ್ಣ ನಾಲ್ಕು ಕಡೆಯೂ ಅರ್ಜಿ ಹಾಕಿ ಮುಗಿಸಿದ್ದ. ಅವಳು ಬಂದು ನೋಡಿ ಹಣೆ ಒತ್ತಿಕೊಂಡಳು. "ಪ್ರತಿ ಅರ್ಜಿಗೂ ಅವರು ನಿಮ್ಮ ಬಗ್ಗೆ ವಿಚಾರಿಸ್ತಾರೆ. ಒಂದೇ ದಿನ ನಾಲ್ಕು ಜನ ಬೇರೆಬೇರೆ ಬಂದು ಈ ಮನುಷ್ಯ ಹೇಗೆ ಅಂತ ಬೀದೀಲಿ ಕೇಳಿದ್ರೆ, ಬೀದಿಯವರು ಏನಂದ್ಕೋತಾರೆ ಹೇಳಿ."

ಅವಳ ಮಾತು ಮುಗಿಯುವುದರೊಳಗೆ ನಾಲ್ಕೂ ಉತ್ತರಗಳು ಬಂದವು. ನಾಲ್ಕು ಬೇರೆಬೇರೆ ಕಂಪನಿಗಳು, ಒಂದೇ ವಾಕ್ಯ: 'ಈ ದುಃಖದ ಸಮಯದಲ್ಲಿ ನಾವು ನಿಮ್ಮ ಕುಟುಂಬದೊಂದಿಗಿದ್ದೇವೆ.' ಸ್ಕೋರು ಇದ್ದ ಜಾಗದಲ್ಲಿ ಈಗ ಅಂಕಿಯಿರಲಿಲ್ಲ, ಸೊನ್ನೆಯೂ ಇರಲಿಲ್ಲ. ನಾಡಿ ನಿಂತವರ ಯಂತ್ರದಲ್ಲಿ ಕಾಣುವಂಥ ಒಂದು ನೆಟ್ಟನೆಯ ಗೆರೆಯಿತ್ತು.

"ಅಕ್ಕ, ಇದು ನೋಡಿ," ಎಂದ ಹಲ್ಲಣ್ಣ. ಅವಳು ತಲೆಯೆತ್ತಲಿಲ್ಲ. ಇನ್ನೊಮ್ಮೆ ಕರೆದ. ಅವಳು ಎದ್ದು, ಅವನ ಮೇಜಿನ ಮೇಲಿದ್ದ ಬ್ರಷ್ಷುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಪಾಟಿನ ಮೇಲಿನ ಸಾಲಿನಲ್ಲಿಟ್ಟು ಬಂದಳು. ಆಮೇಲೆ ಯಂತ್ರ ಶುರುಮಾಡಿದಳು.

ಹಲ್ಲಣ್ಣ ಮನೆಗೆ ಓಡಿದ. ದಾರಿಯಲ್ಲಿ ಯಾರಿಗೂ ಡಿಕ್ಕಿಯಾಗಲಿಲ್ಲ. ಅಂಥ ಜನಜಂಗುಳಿಯಲ್ಲಿ ಅದೊಂದು ಅವನಿಗೆ ಸರಿಕಾಣಲಿಲ್ಲ.

ಮನೆಯ ನಡುಕೋಣೆಯಲ್ಲಿ ಕುರ್ಚಿಗಳು ಗೋಡೆಗೆ ಒರಗಿ ಸಾಲಾಗಿದ್ದವು. ಅಕ್ಕಪಕ್ಕದವರು ತಲೆ ತಗ್ಗಿಸಿ ಕೂತಿದ್ದರು. ಹೆಂಡತಿಯ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದನಿ ತಗ್ಗಿಸಿ ಮಾತಾಡುತ್ತಿದ್ದ. "ಜಾಸ್ತಿ ಜಾಗ ಕೇಳೋ ಮನುಷ್ಯ ಅಲ್ಲ. ಇದ್ದಷ್ಟರಲ್ಲೇ ಮಡಚ್ಕೊಂಡು ಮಲಗ್ತಿದ್ದ."

ವಿಮೆಯವರು ಹಲ್ಲಣ್ಣನನ್ನು ಕಂಡು, ಪಕ್ಕದ ಕುರ್ಚಿಯನ್ನು ಕೈಯಿಂದ ಒರೆಸಿದರು. "ಬನ್ನಿ, ಕೂತ್ಕೊಳ್ಳಿ. ನಿಮಗೂ ತುಂಬ ಬೇಕಾದವರಿರಬೇಕು."

"ಸ್ವಾಮಿ, ಅದು ನಾನೇ."

"ಗೊತ್ತು," ಎಂದು ವಿಮೆಯವರು ಅವನ ಮೊಣಕಾಲು ತಟ್ಟಿದರು. "ಇಂಥ ಹೊತ್ತಲ್ಲಿ ಎಲ್ಲರಿಗೂ ಹಾಗೇ ಅನ್ನಿಸುತ್ತೆ. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಿದ್ರು ನನಗೆ. ಒಂದು ಪಾಲಿಸಿ ಮಾಡಿಸಿ ಅನ್ನೋಣ ಅಂತಿದ್ದೆ, ಮಾತು ಕಾರ್ಡಿನ ಕಡೆ ಹೋಗ್ಬಿಡ್ತು."

ಹಲ್ಲಣ್ಣನಿಗೆ ಕೂಗಬೇಕೆನ್ನಿಸಿತು. ಆದರೆ ಆ ಕೋಣೆಯಲ್ಲಿ ಎಲ್ಲರೂ ಎಷ್ಟು ಸಭ್ಯವಾಗಿ ಕೂತಿದ್ದರೆಂದರೆ, ಸತ್ತವರ ಮನೆಯಲ್ಲಿ ಗಲಾಟೆ ಮಾಡಲು ಅವನಿಗೇ ಸಂಕೋಚವಾಯಿತು. ಕೂತ. ಯಾರೋ ಟೀ ಕೊಟ್ಟರು. ಕುಡಿದ.

ಅಷ್ಟರಲ್ಲಿ ಹೆಂಡತಿ ಬಂದಳು. ಅವಳು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವವಳು. ಊರವರ ಬೈಗುಳ ಕೇಳಿಕೇಳಿ ಯಾವುದಕ್ಕೂ ಗಾಬರಿಯಾಗುವುದನ್ನು ಬಿಟ್ಟಿದ್ದಳು. ಬಾಗಿಲಲ್ಲೇ ನಿಂತು, ಕೋಣೆಯನ್ನು ನೋಡಿ, ಗಂಡನನ್ನು ನೋಡಿದಳು. ಅವಳೊಬ್ಬಳು ನೋಡಿದಳಲ್ಲ ಎಂದು ಹಲ್ಲಣ್ಣ ಟೀ ಲೋಟ ಕೆಳಗಿಟ್ಟ.

"ಯಾವಾಗಿಂದ ಹೀಗೆ?"

"ಬೆಳಿಗ್ಗೆ ಕಾರ್ಡ್ ಮುಚ್ಚಿದಾಗಿಂದ."

"ಏನಂದ್ರಿ ಅವರಿಗೆ?"

"ತೀರಿಸಿಕೊಂಡೆ ಅಂದೆ."

"ಬಾಯಲ್ಲೇನಿತ್ತು?"

"ಬ್ರಷ್ಷು."

ಅವಳು ಕಣ್ಣು ಮುಚ್ಚಿ ಆ ಮಾತನ್ನು ಹೇಳಿಕೊಂಡಳು, ಮೊದಲು ಅಕ್ಷರ ಸೇರಿಸಿ, ಆಮೇಲೆ ಬಿಟ್ಟು. "'ಸಿ' ನುಂಗಿದ್ದೀರಿ. ಏಳಿ, ಬ್ಯಾಂಕ್ ಮುಚ್ಚೋದ್ರೊಳಗೆ ಹೋಗೋಣ."

ಬ್ಯಾಂಕಿನ ಗಾಜಿನ ಬಾಗಿಲು ಹತ್ತಿರ ಹೋದವರಿಗೆ ತಾನೇ ತೆರೆದುಕೊಳ್ಳುವಂಥದ್ದು. ಹಲ್ಲಣ್ಣ ಮುಂದೆ ನಿಂತ, ಅದು ತೆರೆಯಲಿಲ್ಲ. ಕೈ ಬೀಸಿದ, ಕುಪ್ಪಳಿಸಿದ. ಹೆಂಡತಿ ಬಂದಳು, ತೆರೆಯಿತು. ಅವಳ ಬೆನ್ನಿಗೆ ಅಂಟಿಕೊಂಡು ಒಳಹೊಕ್ಕ.

ಸಾಲದ ಅಧಿಕಾರಿ ಪರದೆಯಿಂದ ಕಣ್ಣು ಕೀಳದೆ ಎಲ್ಲವನ್ನೂ ಕೇಳಿಸಿಕೊಂಡರು. "ಅರ್ಥ ಆಯ್ತು ಮೇಡಂ. ಒಂದಕ್ಷರದ ತಪ್ಪು. ಆದ್ರೆ ಬದುಕಿಸೋದು ನಮ್ಮ ವಿಭಾಗ ಅಲ್ಲ. ಇವರು ಹೊಸ ಗ್ರಾಹಕರಾಗಿ ಬರಬೇಕು. ಸಣ್ಣದೊಂದು ಕಾರ್ಡ್ ತಗೊಂಡು, ಕಮ್ಮಿ ಬಳಸಿ, ಹೊತ್ತಿಗೆ ಸರಿಯಾಗಿ ಕಟ್ಟಿ, ಮುಚ್ಚದೆ ಇಟ್ಕೊಂಡ್ರೆ ಮೆಲ್ಲಗೆ ಬೆಳೀತಾರೆ."

"ಎಷ್ಟು ದಿನ ಬೇಕು?"

"ಮಕ್ಕಳು ಬೆಳೆಯೋಕೆ ಎಷ್ಟು ದಿನ ಬೇಕು ಮೇಡಂ?"

ಹಲ್ಲಣ್ಣ ಕುರ್ಚಿಯಲ್ಲಿ ಕುಸಿದ. ಕುರ್ಚಿ ಕಿರ್ರೆನ್ನಲಿಲ್ಲ.

"ಆದ್ರೆ ನಿಮ್ಮದು ನೋಡಿ," ಎಂದು ಅಧಿಕಾರಿ ಪರದೆಯನ್ನು ಅವಳ ಕಡೆ ತಿರುಗಿಸಿದರು. ಮೊದಲ ಸಲ ಅವರ ಮುಖದಲ್ಲಿ ಬೆಳಕು ಬಂತು. "ಮದುವೆಗೆ ಮುಂಚಿನ ಕಾರ್ಡು, ಇನ್ನೂ ಇಟ್ಕೊಂಡಿದ್ದೀರಿ. ತಿಂಗಳಿಗೊಮ್ಮೆ ಏನೋ ಚಿಲ್ಲರೆ ಕೊಳ್ತೀರಿ, ಮರುದಿನ ಕಟ್ತೀರಿ. ಎಂಥ ಸ್ಕೋರು. ಜಂಟಿ ಅರ್ಜಿ ಅಂತ ಇವರ ಸ್ಕೋರು ನಿಮ್ಮದನ್ನ ಕೆಳಗೆ ಎಳೀತಿತ್ತು. ಈಗ ನೀವೊಬ್ಬರೇ. ಸಹಿ ಹಾಕಿ, ಇವತ್ತೇ ಮಂಜೂರು."

ಅವಳು ಗಂಡನ ಮುಖ ನೋಡಿದಳು. ಹಲ್ಲಣ್ಣ ತಲೆಯಾಡಿಸಿದ. ಸತ್ತರೇನಾಯಿತು, ಸ್ವಂತ ಮನೆಯಲ್ಲಿ ಸತ್ತವನಾಗಿ ಇರಬಹುದಲ್ಲ. ಕೈಕಾಲು ಚಾಚಿ ಮಲಗಬಹುದಲ್ಲ. ಅವಳು ಸಹಿ ಹಾಕಿದಳು. ಅಧಿಕಾರಿ ಬೀಗದ ಕೈ ಪಡೆಯುವ ಚೀಟಿ ಕೊಟ್ಟರು. ಕೊಟ್ಟ ಮೇಲೆ, ಆ ದಿನ ಮೊದಲ ಬಾರಿಗೆ, ನೆಟ್ಟಗೆ ಹಲ್ಲಣ್ಣನ ಕಡೆ ನೋಡಿದರು.

"ಇವರು ಎಲ್ಲಿರ್ತಾರೆ?"

"ನನ್ನ ಜೊತೆ."

"ಈ ಸಾಲದಲ್ಲಿ ಕುಟುಂಬದವರು ಮಾತ್ರ ಇರಬಹುದು ಮೇಡಂ. ಹೊರಗಿನವರನ್ನ ಇರಿಸ್ಕೊಂಡ್ರೆ ಮಂಜೂರಾತಿ ರದ್ದು. ದಾಖಲೆ ಪ್ರಕಾರ ನಿಮ್ಮ ಕುಟುಂಬ ಅಂದ್ರೆ ನೀವೇ."

ಅವಳು ಚೀಟಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಚೀಟಿಯನ್ನು ಮಡಚಿ ಜೋಪಾನವಾಗಿ ಕೈಚೀಲಕ್ಕೆ ಹಾಕಿದಳು.

"ಸ್ವಲ್ಪ ದಿನ, ಅಷ್ಟೇ," ಎಂದಳು ಅವನಿಗೆ. "ನೀವು ಬೆಳೆಯೋವರೆಗೆ. ನಾನು ಅಣ್ಣನ್ನ ಕೇಳ್ತೀನಿ, ನೀವು ಅಲ್ಲೇ ಇರಿ." ಫೋನು ತೆಗೆದು, ಅವನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. "ಅಣ್ಣ, ಮನೆ ಸಿಕ್ತು. ನಾನು ನಾಳೆನೇ ಹೋಗ್ತೀನಿ. ಆದ್ರೆ ಆ ಅರ್ಧ ರೂಮಲ್ಲಿ ಇವರೊಬ್ಬರು ಸ್ವಲ್ಪ ದಿನ ಇರಬೇಕಿತ್ತು."

ಆ ಕಡೆಯಿಂದ ಟೇಪು ಸುರುಳಿ ಸುತ್ತಿಕೊಂಡ ಸದ್ದು ಬಂತು. ಆಮೇಲೆ ಅಣ್ಣನ ದನಿ, ಎಂದಿಗಿಂತ ಮೆತ್ತಗೆ.

"ಹೊಸಬರಾ? ಹೊಸಬರನ್ನ ಹಾಗೆಲ್ಲ ಸುಮ್ನೆ ಸೇರಿಸ್ಕೊಳ್ಳೋಕಾಗಲ್ಲಮ್ಮ. ಅವರ ಸ್ಕೋರ್ ಎಷ್ಟಿದೆ, ಮೊದಲು ಅದನ್ನ ಕೇಳು."