ನಾಲ್ಕು ಬೆರಳು ಹೆಚ್ಚಿಗೆ ಹಿಡಿದ ಕಿಟಕಿ

ಶ್ರೀಮತಿ ಚನ್ನಬಸವ್ವ ಅಮ್ಮನವರ ಸನ್ನಿಧಿಗೆ,
ನವನಗರ

ಮಾನ್ಯರೇ,

ಮೊದಲಿಗೆ ತಮ್ಮ ರೂಢಿಯಂತೆ ಶರಣು ಶರಣಾರ್ಥಿ, ಆಮೇಲೆ ನಮ್ಮ ರೂಢಿಯಂತೆ ಸಲಾಮು, ಎರಡೂ ಸೇರಿ ಎಲ್ಲಿಯಾದರೂ ಕಮ್ಮಿ ಬಿದ್ದೀತೆಂದು ಮೇಲೊಂದು ನಮಸ್ಕಾರ. ತಮಗೆ ಏನು ಕೊಟ್ಟರೂ ಸ್ವಲ್ಪ ಹೆಚ್ಚಿಗೆ ಹಿಡಿದೇ ಕೊಡಬೇಕೆಂಬುದನ್ನು ಈ ತಿಂಗಳು ನಾನು ಚೆನ್ನಾಗಿ ಕಲಿತಿದ್ದೇನೆ. ನಾನು ದುರ್ಗದಬೈಲಿನ ಪರದೆ ಅಂಗಡಿಯ ಅಳತೆಗಾರ್ತಿ ಅಬೀದಾ, ಸ್ಕೂಟರಿನ ಮೇಲೆ ಟೇಪು ಹಿಡಿದು ಬಂದವಳು, ಬೇಡವೆಂದರೂ ತಮ್ಮ ಕೈಯಿಂದ ಎರಡು ಸಲ ಚಹಾ ಕುಡಿಸಿಕೊಂಡವಳು. ಈ ಪತ್ರವನ್ನು ತಮ್ಮ ಕೈಗೆ ಕೊಡದೆ, ತಮ್ಮ ಸೊಸೆ ರಜನಿಯವರ ಮೂಲಕ ತಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಮೇಲಿನ ದೂರು ಅಲ್ಲಿಗೇ ಬಂದದ್ದರಿಂದ ಜವಾಬೂ ಅಲ್ಲೇ ಇರಲಿ ಎಂದುಕೊಂಡೆ.

ನಡೆದದ್ದು ತಮಗೆ ಗೊತ್ತಿದ್ದದ್ದೇ, ಗುಂಪಿನವರಿಗೆ ಅರ್ಧ ಮಾತ್ರ ಗೊತ್ತು. ತಮ್ಮ ಪಡುವಣ ಕಿಟಕಿಯಿಂದ ಮೂರು ಗಂಟೆಯ ಬಿಸಿಲು ಇಡೀ ಮಂಚವನ್ನು ಬಿಟ್ಟು ಸರಿಯಾಗಿ ತಮ್ಮ ಮುಖದ ಮೇಲೇ ಬಿದ್ದು ಊಟದ ಮೇಲಿನ ನಿದ್ದೆ ಕೆಡುತ್ತಿದೆಯೆಂದು, ಸರಪಳಿ ಎಳೆದರೆ ಮೇಲೆ ಸುತ್ತಿಕೊಳ್ಳುವ ರೋಲರ್ ಬ್ಲೈಂಡ್ ಬೇಕೆಂದು ತಾವು ಹೇಳಿ ಕಳಿಸಿದಿರಿ. ನಾನು ಬಂದು ಚೌಕಟ್ಟಿನ ಒಳಗೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ ಹಿಡಿದು, ಮೂರರಲ್ಲಿ ಚಿಕ್ಕದನ್ನು ಬರೆದುಕೊಂಡೆ, ಯಾಕೆಂದರೆ ಚೌಕಟ್ಟಿನೊಳಗೆ ಕೂರುವ ಬ್ಲೈಂಡು ಜೋಳದ ಕಾಳಿನಷ್ಟು ಹೆಚ್ಚಾದರೂ ಒಳಗೆ ಹೋಗುವುದಿಲ್ಲ. ತಾವು ಹಿಂದೆ ನಿಂತು, "ಎಷ್ಟ ಬಿಗಿ ಹಿಡದೀಯವಾ, ನಾಕ ಬಟ್ಟ ಬಿಟ್ಟು ಬರ್ಕೊ" ಎಂದು ನಾಲ್ಕು ಬೆರಳು ತೋರಿಸಿದಿರಿ. ನಾನು ನಕ್ಕೆ. ನಗಬಾರದಾಗಿತ್ತು.

ನಾನು ಗೇಟು ದಾಟುವುದರೊಳಗೆ ತಾವು ನಮ್ಮ ಮಾಲಕರಾದ ಶಿವಯೋಗೀಶ ಅವರಿಗೆ ಫೋನು ಮಾಡಿ, "ಹುಡುಗಿ ಛಲೋ ಅದಾಳ ಖರೇ, ಅಳತಿ ಮಾತ್ರ ಭಾಳ ಜಿಪುಣ. ಒಗದ ಮ್ಯಾಲೆ ಅರಬಿ ಕುಗ್ಗತೈತಿ, ಉದ್ದಕ್ಕ ಅಗಲಕ್ಕ ನಾಕ ಬಟ್ಟ ಹೆಚ್ಚಿಗಿ ಹಿಡೀಪಾ" ಎಂದು ಅಪ್ಪಣೆ ಕೊಟ್ಟಿರಿ. ನಲವತ್ತೆರಡು ವರ್ಷದ ನನ್ನನ್ನು ಹುಡುಗಿ ಎಂದದ್ದಕ್ಕೆ ಇಲ್ಲೇ ಧನ್ಯವಾದ ಹೇಳಿಬಿಡುತ್ತೇನೆ. ಮಾಲಕರನ್ನು ತಾವು ಅವರ ಚಡ್ಡಿಯ ಕಾಲದಿಂದ ಬಲ್ಲಿರಿ, ಆ ಚಡ್ಡಿಯನ್ನೂ ತಮ್ಮ ಸಲಹೆಯ ಮೇರೆಗೆ ಮುಂದಿನ ಎರಡು ವರ್ಷಕ್ಕೂ ಆಗುವಂತೆ ಹೊಲಿಸಿದ್ದರಂತೆ, ಅಂಥವರು ತಮಗೆ ಇಲ್ಲ ಎನ್ನುವುದುಂಟೇ? ನನ್ನ ಅಂಕಿಯನ್ನು ಕೆಂಪು ಗೀಟೆಳೆದು ಹೊಡೆದರು. ಮಿಲಿಮೀಟರು ಬಿಟ್ಟರೆ ಬೇರೆ ಭಾಷೆ ಬಾರದ ಕಾರ್ಖಾನೆಯವರು ನಾಲ್ಕು ಬೆರಳೆಂದರೆ ಎಷ್ಟು ಎಂದು ಕೇಳಿದಾಗ, ಮಾಲಕರು ಸ್ವಂತ ಕೈಯನ್ನೇ ಟೇಪಿನ ಮೇಲಿಟ್ಟು ಎಂಬತ್ತು ಎಂದು ಬರೆಸಿದರು. ಮಾಲಕರ ಬೆರಳು ದಪ್ಪ. ತಮ್ಮ ಬೆರಳಾಗಿದ್ದರೆ ಅರವತ್ತರಲ್ಲೇ ಮುಗಿಯುತ್ತಿತ್ತು.

ಇದೊಂದೂ ಗೊತ್ತಿಲ್ಲದೆ ನಾನು ಬ್ಲೈಂಡು ಹೊತ್ತು ತಂದು, ಕುರ್ಚಿ ಹತ್ತಿ, ಬ್ಲೈಂಡು ಸುತ್ತಿಕೊಳ್ಳುವ ಪೈಪನ್ನು ಹೋಗದ ಚೌಕಟ್ಟಿನೊಳಗೆ ತೂರಿಸಲು ಒಂದು ತಾಸು ಬೆವರು ಸುರಿಸಿದಾಗ ತಾವು ಕೊಟ್ಟ ಸಲಹೆಗಳನ್ನು ಮರೆಯಲಾರೆ. "ಗ್ವಾಡಿ ಒಂದೀಟ ಕೆತ್ತಿದ್ರ?" ಎಂದಿರಿ. ಆಮೇಲೆ "ಒಮ್ಮೆ ನೀರಾಗ ಅದ್ದಿ ತಗಿಯೋಣೇನ, ಕುಗ್ಗತೈತಿ" ಎಂದು ಬಚ್ಚಲಿಗೆ ಬಕೀಟು ಇಡಿಸಿದಿರಿ. ಆಮೇಲೆ ಅದೇ ಸಂಜೆ ಗುಂಪಿನಲ್ಲಿ, "ಅಳತಿ ತಪ್ಪ್ಯಾಳ ಪಾಪ, ಹೊಸಬಳು" ಎಂದು ಬರೆಸಿದಿರಿ. ಆ 'ಪಾಪ' ಎಂಬ ಮಾತಿಗೆ ನಾನು ಚಿರಋಣಿ. ಆದರೆ ಮರುದಿನವೇ ತಮ್ಮ ಓಣಿಯ ನಾಲ್ಕು ಮನೆಯವರು ನಮಗೆ ಬ್ಲೈಂಡು ಬೇಡವೆಂದರು, ಮತ್ತು ಮಾಲಕರು ಸೋಮವಾರದಿಂದ ಸ್ಕೂಟರಿನ ಕೀಲಿ ಒಪ್ಪಿಸಿ ಅಂಗಡಿಯೊಳಗೆ ಹೊಲಿಗೆ ಯಂತ್ರಕ್ಕೆ ಕೂರು ಎಂದರು. ಕೆಂಪು ಗೀಟನ್ನು ತೋರಿಸಿ ಕೇಳಿದ್ದಕ್ಕೆ, "ಹಿರ್‍ಯಾರಿಗೆ ಹ್ಯಾಂಗ ಹೇಳಲಿ? ನೀನ ಹೊತ್ಗೊಂಡಬಿಡು" ಎಂದರು.

ಹೊತ್ತುಕೊಳ್ಳುತ್ತಿದ್ದೆ ಅಮ್ಮನವರೇ. ಇಪ್ಪತ್ತು ವರ್ಷ ಹಳೇ ಹುಬ್ಬಳ್ಳಿಯಲ್ಲಿ ಜಂಪರು ಹೊಲಿದವಳು ನಾನು, ಒಂದಕ್ಕೂ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಹೊಲಿಗೆ ಹಾಕಿಲ್ಲ. ಮಕ್ಕಳು ಬೆಳೆಯುತ್ತವೆ, ಒಗೆದ ಬಟ್ಟೆ ಕುಗ್ಗುತ್ತದೆ, ಹೆಣ್ಣುಮಕ್ಕಳು ಹಬ್ಬಕ್ಕೊಮ್ಮೆ ದಪ್ಪಗಾಗುತ್ತಾರೆ, ಇದೆಲ್ಲ ನನಗೂ ಗೊತ್ತು. ಆದರೆ ಆ ಯಂತ್ರದ ಮುಂದೆ ಬಾಗಿ ಬಾಗಿ ಬೆನ್ನು ಹೋಯಿತೆಂದೇ ಈ ಕೆಲಸ ಹಿಡಿದದ್ದು. ದಿನಕ್ಕೆ ನಾಲ್ಕು ಮನೆ, ನಾಲ್ಕು ಕಿಟಕಿ, ನೆಟ್ಟಗೆ ನಿಂತು ಮಾಡುವ ಕೆಲಸ. ಸೋಮವಾರದಿಂದ ಮತ್ತೆ ಅದೇ ಯಂತ್ರದ ಮುಂದೆ ಬಾಗಬೇಕು.

ಅದಕ್ಕೇ ನಿನ್ನೆ ಯಾರೂ ಹೇಳದೆ ಬಂದು, ಬ್ಲೈಂಡನ್ನು ಚೌಕಟ್ಟಿನ ಒಳಗಲ್ಲ, ಕೋಣೆಯ ಬದಿಯಿಂದ ಚೌಕಟ್ಟಿನ ಮೇಲಿನ ಗೋಡೆಗೇ ಮೊಳೆ ಹೊಡೆದು ಕೂರಿಸಿದೆ. ನನ್ನ ಅಳತೆಯಂತೆ ಮಾಡಿಸಿ ಒಳಗೆ ಕೂರಿಸಿದ್ದರೆ ಎರಡೂ ಬದಿಗೆ ಬೆಳಕಿನ ಗೆರೆ ಉಳಿಯುತ್ತಿತ್ತು. ಗೋಡೆಯ ಮೇಲೆ, ಎಂಬತ್ತು ಮಿಲಿಮೀಟರು ಹೆಚ್ಚಿದ್ದರಿಂದ, ಒಂದು ಎಳೆ ಬಿಸಿಲೂ ಒಳಗೆ ಬರಲಿಲ್ಲ. ತಾವು ಐದೂವರೆಯ ತನಕ ಮಲಗಿದಿರಿ, ಗೊರಕೆ ಗೇಟಿನ ತನಕ ಕೇಳಿಸುತ್ತಿತ್ತೆಂದು ರಜನಿಯವರು ಹೇಳಿದರು.

ಆದ್ದರಿಂದ ನನ್ನ ಬಿನ್ನಹಗಳು ಇಷ್ಟೇ. ತಮ್ಮ ನಾಲ್ಕು ಬೆರಳಿಗೆ ಸರಕಾರದಿಂದ ಮುದ್ರೆ ಒತ್ತಿಸಿ ತೂಕ ಮತ್ತು ಅಳತೆಯ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಿಸಬೇಕು, ತಾವು ದಿನಾ ಅಲ್ಲಿ ಹೋಗಿ ಕೂರಬೇಕಾದರೂ ಸರಿಯೇ. ಇನ್ನು ಮುಂದೆ ಕಟ್ಟುವ ಕಿಟಕಿಗಳನ್ನು ಮಕ್ಕಳಂತೆ ವರ್ಷಕ್ಕಿಷ್ಟು ಬೆಳೆಯುವ ಹಾಗೆ ಕಟ್ಟಬೇಕೆಂದು ನವನಗರದ ಗೌಂಡಿಗಳಿಗೆ ತಾಕೀತು ಮಾಡಬೇಕು. ಇವೆರಡೂ ಆಗದಿದ್ದರೆ, ಸೋಮವಾರದೊಳಗೆ ಇದೇ ಗುಂಪಿನಲ್ಲಿ, ಅಬೀದಾಳ ಅಳತೆ ತಪ್ಪಿರಲಿಲ್ಲ ಎಂದು ಒಂದೇ ಒಂದು ಸಾಲು ಬರೆಸಬೇಕು.

ಟೇಪಿನಷ್ಟೇ ನೆಟ್ಟಗೆ,
ತಮ್ಮ ವಿಶ್ವಾಸಿ,
ಅಬೀದಾ, ಅಳತೆಗಾರ್ತಿ (ಸೋಮವಾರದ ತನಕ)

ತಾ.ಕ.: ಪತ್ರ ಮುಗಿಸಿ ರಜನಿಯವರಿಗೆ ಕಳಿಸುವಷ್ಟರಲ್ಲಿ ಗುಂಪಿನಲ್ಲಿ ತಾವು ಹಾಕಿಸಿದ ಮಾತನ್ನು ಅವರೇ ನನಗೆ ತೋರಿಸಿದರು: "ಆಕಿ ಅಳತಿ ಬರೋಬ್ಬರಿ ಇತ್ತು, ನಾನ ಹೆಚ್ಚಿಗಿ ಹಿಡಿಸಿದ್ದೆ. ನಿದ್ದಿ ಛಲೋ ಬಂತು. ಉಳದ ನಾಕ ಮನಿಗೆ ಆಕೀನ ಬರಲಿ, ಟೇಪು ಆಕಿ ಹಿಡೀಲಿ, ಬಟ್ಟ ಹಿಡ್ಯಾಕ ನಾ ಬರತೇನಿ." ಓದಿ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಸ್ಕೂಟರಿನ ಕೀಲಿ ನನ್ನ ಹತ್ತಿರವೇ ಇರಲಿ ಎಂದು ಮಾಲಕರು ಹೇಳಿದ್ದಾರೆ. ನಾಳೆ ಹತ್ತಕ್ಕೆ ಸ್ಕೂಟರು ತಮ್ಮ ಗೇಟಿಗೆ ಬರುತ್ತದೆ, ತಮಗಾಗಿ ಹೆಲ್ಮೆಟ್ಟು ತರಬೇಕು, ದಯವಿಟ್ಟು ತಲೆಯ ಸುತ್ತಳತೆ ತಿಳಿಸಿ. ಇದ್ದಷ್ಟೇ ತಿಳಿಸಿ ಅಮ್ಮನವರೇ, ತಲೆ ಇನ್ನು ಬೆಳೆಯುವುದಿಲ್ಲ.