ಟವೆಲ್ಲಿನ ಕೆಳಗ ನನ್ನ ಕಿಮ್ಮತ್ತು

ಮಂದಿಗೆ ನಗು ಬರೂವಂಥಾ ಪ್ರಸಂಗ ಎಲ್ಲಾ ನನಗೇ ಯಾಕ ಗಂಟು ಬೀಳ್ತಾವೊ ತಿಳೀದು. ಆಗೂವಾಗ ನನಗ ಅಳು ಬಂದಿರ್ತದ, ಹೇಳೂವಾಗ ಎದುರಿನವರು ಹೊಟ್ಟಿ ಹಿಡ್ಕೊಂಡು ನಗ್ತಾರ. ನೀವೂ ನಗ್ರಿ, ನನಗೇನು ಬ್ಯಾಸರಿಲ್ಲ. ಇದ್ರೂ ಯಾರು ಕೇಳ್ತಾರ?

ಗ್ವಾಡಿ ಹೋದದ್ದು

ಬೀದರದ ಚಿದ್ರಿಯೊಳಗ ನಂದೊಂದು ಮೊಬೈಲ್ ರಿಪೇರಿ ದುಕಾನ ಅದ. ಗಿರಾಕಿ ಇಲ್ಲದ ಹೊತ್ತಿನಾಗ ಕಂಡಕಂಡವರ ಪಾಡ್‌ಕಾಸ್ಟ್ ಕೇಳಿ ಕೇಳಿ, ನಾನೂ ಒಂದು ಮಾಡ್ಬೇಕು ಅಂತ ಹುಚ್ಚು ಹತ್ತಿತು. ನಮ್ಮ ಮಾಮಾ, ಅಂದ್ರ ಅವ್ವನ ಅಣ್ಣ, ಗಾಂಧಿ ಗಂಜಿನಾಗ, ಅಂದ್ರ ಬೀದರದ ಧಾನ್ಯದ ಮಾರ್ಕೆಟ್ಟಿನಾಗ, ಅಡತಿ ದುಕಾನ ನಡೆಸಿದವರು. ರೈತರ ತೊಗರಿ, ಕಡಲಿ ಮಾರಿಸಿಕೊಡೂದರಾಗೇ ಅವರ ವಯಸ್ಸು ಕಳೀತು. ಅತ್ತಿ ತೀರಿಕೊಂಡ ಮ್ಯಾಗ ಮನಿ ಬಿಟ್ಟು ಹೊರಗ ಬರೂದೇ ಬಿಟ್ಟಿದ್ರು. ಊಟ ಮಾಡ್ರಿ ಅಂದ್ರ ಮಾಡ್ತಿದ್ರು, ಇಲ್ಲಂದ್ರ ಇಲ್ಲ.

"ಮಾಮಾ, ಗಂಜಿನ ಹಳೀ ಸುದ್ದಿ ನೀವು ಹೇಳ್ರಿ, ನಾ ಪ್ರಶ್ನೆ ಕೇಳ್ತೇನಿ" ಅಂದೆ. ಹೂಂ ಅಂದ್ರು.

ರೆಕಾರ್ಡ್ ಮಾಡ್ಲಿಕ್ಕೆ ಜಾಗ ಬೇಕಲ್ಲ. ಮನ್ಯಾಗ ಮಿಕ್ಸರ್ ಆವಾಜ್, ದುಕಾನದಾಗ ಆಟೋ ಆವಾಜ್. ಕಡೀಗೆ ಮಾಮಾರ ಹಳೀ ಗೋದಾಮಕ್ಕ ಹೋದ್ವಿ. ಅದನ್ನೀಗ ಬ್ಯಾರೆ ವ್ಯಾಪಾರಿ ನಡೆಸ್ತಾರ. ಸುತ್ತಲೂ ಮಾಳಿಗಿ ತನಕ ತೊಗರಿ ಚೀಲ ಒಟ್ಟಿದ್ರು. ಆ ಚೀಲಗಳೇ ನಮಗ ಗ್ವಾಡಿ, ನಡುವ ಕುಂತ್ರ ಹೊರಗಿನ ಲಾರಿ ಹಾರನ್ ಸುದ್ದಾ ಒಳಗ ಬರಂಗಿಲ್ಲ. ಇಂಥಾ ಸ್ಟುಡಿಯೋ ಬೆಂಗಳೂರಿನಾಗೂ ಸಿಗಂಗಿಲ್ಲ ಅಂತ ಉಬ್ಬಿಹೋದೆ.

ಒಂದಿನ ರೆಕಾರ್ಡಿಂಗ್ ಭರ್ತಿ ರಂಗಿನಾಗ ನಡೆದಿತ್ತು. ತೊಗರಿ ಭಾವ ಏರ್ಯಾದ ಅಂತ ಹಮಾಲರು ಒಳಗ ನುಗ್ಗಿದವರೇ ನಮ್ಮ ಗ್ವಾಡಿ ಹೊತ್ಕೊಂಡು ಹೋಗೇಬಿಟ್ರು. ಮಾಮಾ ಅವರಿಗೆ ಬೈದದ್ದೂ ರೆಕಾರ್ಡ್ ಆಯ್ತು, ಅದನ್ನೂ ಹಾಂಗೇ ಪಾಡ್‌ಕಾಸ್ಟಿನಾಗ ಹಾಕಿಬಿಟ್ಟೆ. ಇಡೀ ಗಂಜಿನಾಗ ತೊಗರಿ ಭಾವ ಇಳೀಲೆಪ್ಪಾ ಅಂತ ದೇವರಿಗೆ ಕೈಮುಗಿದಾವ ನಾನೊಬ್ನೇ ಇರ್ಬೇಕು.

ಕೆಮ್ಮು

ಪಾಡ್‌ಕಾಸ್ಟ್ ಕೇಳಿಸೂ ಒಂದು ದೊಡ್ಡ ಕಂಪನಿಯವರು ನಮ್ಮ ಜೋಡಿ ಕರಾರು ಮಾಡ್ಕೋತೇವಿ ಅಂದ್ರು. ನಾ ಹೊಸಾ ಅಂಗಿ ಹಾಕ್ಕೊಂಡು ವಿಡಿಯೋ ಕಾಲಿಗೆ ಕುಂತೆ. ಕಂಪನಿ ಸಾಹೇಬರು ಸಣ್ಣ ವಯಸ್ಸಿನವರು, ಭಾರಿ ಮರ್ಯಾದಿಯಿಂದ ಮಾತಾಡ್ತಿದ್ರು. ಕೇಳೂ ಮಂದಿ ಎಲ್ಲಿ ನಿಂತಾರ, ಎಲ್ಲಿ ಎದ್ದು ಹೋಗ್ಯಾರ ಅನ್ನೂದರ ಮ್ಯಾಲೆ ಅವರು ಕಿಮ್ಮತ್ತು ಕಟ್ತಾರಂತ. ಒಂದು ಗ್ರಾಫ್ ತೋರಿಸಿದ್ರು.

"ಇಲ್ಲಿ ಗೆರಿ ಏರ್ಯಾದ ನೋಡ್ರಿ. ಇದು ನಿಮ್ಮ ಮಾಮಾ ಹಮಾಲರಿಗೆ ಬೈದದ್ದು. ಮಂದಿ ಹಿಂದ ಹೋಗಿ ಮತ್ತ ಕೇಳ್ಯಾರ."

"ಇಲ್ಲೂ ಏರ್ಯಾದಲ್ರಿ?"

"ಇಲ್ಲಿ ಮಾಮಾ ಕೆಮ್ಮ್ಯಾರ."

"ಮತ್ತ ಇಲ್ಲಿ ಧಡಕ್ಕನ ಕೆಳಗ ಬಿದ್ದದ, ನೆಟ್‌ವರ್ಕ್ ಹೋಗಿತ್ತೇನು?"

ಸಾಹೇಬರು ಗಂಟಲು ಸರಿ ಮಾಡ್ಕೊಂಡ್ರು. "ಇಲ್ರಿ. ಅದು ನೀವು ಪ್ರಶ್ನೆ ಕೇಳೂ ಜಾಗ."

ಕರಾರು ಮಾಮಾರ ಜೋಡಿ ಮಾತ್ರ, ಪ್ರಶ್ನೆ ಕೇಳ್ಲಿಕ್ಕೆ ಕಂಪನಿಯವರೇ ಬ್ಯಾರೆ ಮಂದಿ ಇಡ್ತಾರಂತ. ನಾ ಹುಟ್ಟಿಸಿದ ಪಾಡ್‌ಕಾಸ್ಟಿನಿಂದ ನನ್ನನ್ನೇ ಹೊರಗ ಹಾಕ್ಲತ್ತಾರ! ಮನಿಗೆ ಬಂದು ಹೆಂಡತಿ ಮುಂದ ಎಲ್ಲಾ ಹೇಳ್ಕೊಂಡೆ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.

"ಹಾಂಗಾದ್ರ ನೀವೂ ಕೆಮ್ಮ್ರಿ" ಅಂದಳು.

ಔರಾದದ ಅಭಿಮಾನಿ

ನನಗೂ ಅಭಿಮಾನಿಗಳು ಅದಾರಂತ ಕಂಪನಿಗೆ ತೋರಿಸ್ಬೇಕಾಗಿತ್ತು. ಔರಾದದಾಗ ಚಹಾ ಹೋಟೆಲ್ಲಿನ ಭಾಯ್ ಒಬ್ಬರು ಪ್ರತಿ ಕಂತಿಗೂ 'ಭಾರಿ ಆಗ್ಯಾದ' ಅಂತ ಬರೀತಿದ್ರು. ಬಸ್ ಹತ್ತಿ ಹೋದೆ. ಮಾಮಾರ ಅಳಿಯ ಅಂದ ಕೂಡ್ಲೇ ಅಪ್ಪಿಕೊಂಡು, ಮಲಾಯಿ ಹಾಕಿ ಚಹಾ ಕೊಟ್ರು. ನಾ ಮೊಬೈಲಿನಾಗ ರೆಕಾರ್ಡಿಂಗ್ ಚಾಲೂ ಮಾಡಿ ಮೆಲ್ಲಕ ಕೇಳಿದೆ:

"ಭಾಯ್, ನಡುನಡುವ ಇನ್ನೊಂದು ಆವಾಜ್ ಬರ್ತದಲ್ರಿ, ಅದು ಹ್ಯಾಂಗ ಅನಿಸ್ತದ?"

"ಅರೇ, ಅದು ಜಾಹೀರಾತು ಅಲ್ಲೇನ್ರಿ? ಬಂದ ಕೂಡ್ಲೇ ನಾ ಮುಂದ ಓಡಿಸ್ತೇನಿ."

ಚಹಾ ಅಲ್ಲೇ ಬಿಟ್ಟು ಎದ್ದೆ. ವಾಪಸ್ ಬರೂ ಬಸ್ಸಿನಾಗ ಕಿಡಕಿ ಕಡಿ ಮುಖ ಮಾಡಿ ಕುಂತೆ. ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದಾಗ ಸುದ್ದಾ ಮಾತಾಡ್ಲಿಲ್ಲ, ಕೈ ಮಾಡಿ ತೋರಿಸಿದೆ.

ಟವೆಲ್

ಸಹಿ ಹಾಕಿಸ್ಕೊಳ್ಳಿಕ್ಕೆ ಕಂಪನಿ ಸಾಹೇಬರು ಖುದ್ದು ಬೀದರಿಗೆ ಬಂದ್ರು. ಗೋದಾಮದಾಗೇ ಕುಂತ್ವಿ. ನಾ ಮೂಲ್ಯಾಗ ಖಾಲಿ ಚೀಲದ ಮ್ಯಾಲೆ ಕುಂತೆ. ಇದೇ ನಮ್ಮ ಕಡೀ ಕೂಟ ಅಂತ ತಿಳ್ಕೊಂಡಿದ್ದೆ. ನಾಳಿಂದ ಮಾಮಾ ಮತ್ಯಾರದೋ ಪ್ರಶ್ನೆಗೆ ಉತ್ತರ ಕೊಡ್ತಾರ, ನಾ ಚಿದ್ರಿಯೊಳಗ ಒಡೆದ ಡಿಸ್‌ಪ್ಲೇ ಬದಲಿ ಮಾಡ್ಕೋತ ಇರ್ತೇನಿ.

ಮಾಮಾ ಕಾಗದ ಕಡಿ ನೋಡ್ಲೇ ಇಲ್ಲ. "ಸಾಹೇಬ್ರೇ, ಚೀಲ ಬಿಟ್ಟು ತೊಗರಿ ಯಾರೂ ಒಯ್ಯಂಗಿಲ್ಲ. ಮಾಲು ನಾನು, ಚೀಲ ಇವ. ಎರಡೂ ಕೂಡೇ ಒಯ್ಯೂದಾದ್ರ ಭಾವ ಮಾಡೋಣು, ಇಲ್ಲಂದ್ರ ಚಹಾ ಕುಡ್ದು ಹೋಗ್ರಿ."

ನನಗ ಭೂಮಿ ಬಾಯಿ ಬಿಡ್ಲಿ ಅನ್ನಿಸ್ತು. ಒಳಗೊಳಗ ಖುಷಿನೂ ಆಯ್ತು, ಖರೇ ಹೇಳ್ತೇನಿ.

ಗಂಜಿನ ಹಳೀ ಪದ್ಧತಿಯೊಳಗ ಭಾವ ಬಾಯಲೆ ಆಡ್ತಿದ್ದಿಲ್ಲ. ಮಾರಾವ, ಕೊಳ್ಳಾವ ಟವೆಲ್ಲಿನ ಕೆಳಗ ಕೈ ಹಿಡ್ಕೊಂಡು ಬೆರಳು ಒತ್ತಿ ಹೇಳ್ತಿದ್ರು. ಮೂರನೇದವನಿಗೆ ತಿಳೀಬಾರ್ದು. ಮಾಮಾ ಹೆಗಲ ಮ್ಯಾಲಿನ ಟವೆಲ್ ತಗದು, "ಕೈ ತರ್ರಿ" ಅಂದ್ರು. ಸಾಹೇಬರು ನಕ್ಕು, "ನಮ್ಮಜ್ಜನೂ ಭಾಲ್ಕಿಯೊಳಗ ಅಡತಿ ದುಕಾನ ನಡೆಸ್ತಿದ್ರು, ನನಗೂ ಕಲಿಸ್ಯಾರ್ರಿ" ಅಂತ ಕೈ ಕೊಟ್ರು.

ಟವೆಲ್ ಒಂದೇ ಸವನ ಅಲುಗಾಡ್ತಿತ್ತು. ಸಾಹೇಬರು ಒಮ್ಮೆ ಕೈ ಹಿಂದ ಎಳ್ಕೊಂಡ್ರು, ನನ್ನ ನೋಡಿ ಉಸಿರು ಬಿಟ್ಟು, ಮತ್ತ ಕೊಟ್ರು. ಕಡೀಗೆ ಮಾಮಾ ಟವೆಲ್ ಎತ್ತಿದ್ರು. "ಆಯ್ತು. ಇಬ್ಬರದೂ ಹೆಸರು ಬರೀರಿ."

ಸಾಹೇಬರು ಹೋದ ಮ್ಯಾಗ ನನಗ ಒಂದು ಸಂಶಯ ಬಂತು. ಗಂಜಿನಾಗ ಮಾಲು ತೂಗಿದ ಮ್ಯಾಗ ಚೀಲದ ತೂಕ ಕಡಿದು, ಉಳಿದ ಮಾಲಿಗಷ್ಟೇ ರೊಕ್ಕ ಕೊಡ್ತಾರ.

"ಮಾಮಾ, ಚೀಲದ ತೂಕ ಕಡಿದ್ರೇನು?"

"ಕಡೀಲಾರದ ಬಿಡ್ತಾರ? ನನ್ನ ರೊಕ್ಕದಾಗ ಕಡಿದ್ರು."

"ಎಷ್ಟು?"

"ಟವೆಲ್ಲಿನ ಕೆಳಗಿನ ಮಾತು ಹೊರಗ ಆಡಬಾರ್ದು."

"ಯಾಕ ಹೀಂಗ ಮಾಡಿದ್ರಿ ಮಾಮಾ?"

"ನೀ ಬಂದು ಕರೀದಿದ್ರ ನಾ ಆ ಮನ್ಯಾಗೇ ಕುಂತಲ್ಲೇ ಮುಗಿದು ಹೋಗ್ತಿದ್ದೆ" ಅಂದ್ರು. ನಾ ಕಣ್ಣು ಒರೆಸ್ಕೊಂಡೆ. ಮಾಮಾ ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು, ಬಾಗಲ ತನಕ ಹೋಗಿ ತಿರುಗಿ ನೋಡಿದ್ರು.

"ಆದ್ರ ಲೇ, ಖಾಲಿ ಚೀಲ ಇಷ್ಟು ತೂಕ ಇದ್ದದ್ದು ನನ್ನ ಜನ್ಮದಾಗ ನೋಡಿರ್ಲಿಲ್ಲ."